ಎರಡು ಬಿಳಿ, ಎರಡು ಕೆಂಪು

ರಾತ್ರಿಯ ಹೊತ್ತು ವಿಮಾನ ನಿಲ್ದಾಣದ ರನ್‌ವೇಯನ್ನು ದೂರದಿಂದ ನೋಡಿದವರಿಗೆ ಕಾರ್ತಿಕದ ದೀಪೋತ್ಸವದ ನೆನಪಾಗದೆ ಇರದು. ಅಂಚಿನುದ್ದಕ್ಕೂ ಬಿಳಿಯ ಸಾಲು, ಮೊದಲಲ್ಲಿ ಹಸಿರು, ಪಕ್ಕದ ಹಾದಿಗಳಲ್ಲಿ ನೀಲಿ. ಇಷ್ಟೆಲ್ಲ ವೈಭವದ ನಡುವೆ, ಸಾಮಾನ್ಯವಾಗಿ ರನ್‌ವೇಯ ಎಡಮಗ್ಗುಲಲ್ಲಿ, ನೆಲಕ್ಕಂಟಿಕೊಂಡಂತೆ ಅಡ್ಡಸಾಲಿನಲ್ಲಿ ಕುಳಿತ ನಾಲ್ಕು ಪೆಟ್ಟಿಗೆಗಳು ಪ್ರಯಾಣಿಕರ ಗಮನಕ್ಕೆ ಬರುವುದೇ ಇಲ್ಲ. ಬರಬೇಕಾಗಿಯೂ ಇಲ್ಲ. ಅವು ಮಾತನಾಡುವುದು ಆಕಾಶದಿಂದ ಇಳಿದು ಬರುತ್ತಿರುವ ವೈಮಾನಿಕನೊಡನೆ ಮಾತ್ರ; ಅದೂ ಅವನು ಹಿಡಿದಿರುವ ಇಳಿಜಾರು ಸರಿಯೋ ತಪ್ಪೋ ಎಂಬ ಒಂದೇ ವಿಷಯವನ್ನು ಕುರಿತು. ಎರಡು ದೀಪ ಬಿಳಿಯಾಗಿ, ಎರಡು ಕೆಂಪಾಗಿ ಕಂಡರೆ ಸರಿ. ಮೂರು ಬಿಳಿಯಾದರೆ ಅವನು ಸ್ವಲ್ಪ ಮೇಲಿದ್ದಾನೆ. ನಾಲ್ಕೂ ಬಿಳಿಯಾದರೆ ಬಹಳ ಮೇಲಿದ್ದಾನೆ. ಮೂರು ಕೆಂಪಾದರೆ ಕೊಂಚ ಕೆಳಗಿದ್ದಾನೆ. ನಾಲ್ಕೂ ಕೆಂಪಾದರೆ, ರನ್‌ವೇ ಸಿಗುವ ಮೊದಲೇ ಅವನಿಗೆ ನೆಲ ಸಿಕ್ಕೀತು. ಎಳೆಯ ಮಕ್ಕಳೂ ಒಂದು ಗಳಿಗೆಯಲ್ಲಿ ಕಲಿಯಬಹುದಾದ ಈ ಪುಟ್ಟ ವ್ಯಾಕರಣವನ್ನು ರೂಪಿಸಲು ವಿಮಾನ ಕಟ್ಟಿದವರಿಗೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆ ಸ್ವಾರಸ್ಯವಾದದ್ದು. ಅಷ್ಟೇ ದುಃಖದ್ದೂ ಹೌದು.

ಮೊದಲು ಕೋನದ ಮಾತು. ದೊಡ್ಡ ವಿಮಾನಗಳು ಸಾಮಾನ್ಯವಾಗಿ ನೆಲದೊಡನೆ ಮೂರು ಡಿಗ್ರಿಗಳ ಕೋನ ಮಾಡುತ್ತ ಇಳಿಯುತ್ತವೆ. ನಮ್ಮ ಪಂಚಾಂಗದವರು ಡಿಗ್ರಿಯನ್ನು ಅಂಶವೆಂದೂ ಅಂಶದ ಅರುವತ್ತನೆಯ ಒಂದು ಪಾಲನ್ನು ಕಲೆಯೆಂದೂ ಕರೆಯುತ್ತಾರೆ. ಗ್ರಹಗಳ ಗತಿಗೆ ಒದಗಿದ ಮಾತುಗಳು ವಿಮಾನದ ಗತಿಗೆ ಒದಗದೆ ಹೋಗಲಾರವು. ಇಲ್ಲಿಯೂ ಅವನ್ನೇ ಬಳಸೋಣ. ಮೂರು ಅಂಶವೆಂದರೆ ಹತ್ತೊಂಬತ್ತು ಅಡಿ ಮುಂದೆ ಸಾಗಿದಾಗ ಒಂದು ಅಡಿ ಕೆಳಗಿಳಿಯುವಂಥ ಇಳಿಜಾರು. ಇಳಿಯುವ ಸ್ಥಳ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ವಿಮಾನ ಸುಮಾರು ೫೨೪ ಮೀಟರ್ ಎತ್ತರದಲ್ಲಿರಬೇಕು. ಅದೇ ದೂರದಲ್ಲಿ ಎರಡು ಅಂಶದ ದಾರಿ ಹಿಡಿದವನು ಸುಮಾರು ೩೪೯ ಮೀಟರ್ ಎತ್ತರದಲ್ಲಿರುತ್ತಾನೆ. ನಡುವೆ ಒಂದು ಗುಡ್ಡವೇ ಅಡಗಬಹುದು. ತೋಳು ನೀಳವಾಗಿ ಚಾಚಿ ಕಿರುಬೆರಳನ್ನು ನೋಡಿದರೆ ಅದರ ಅಗಲ ಕಣ್ಣಿಗೆ ಸುಮಾರು ಒಂದು ಅಂಶ. ಆ ಕಿರುಬೆರಳಿನಷ್ಟು ಹೆಚ್ಚು ಕಡಿಮೆಯಲ್ಲೇ ಇಳಿಯುವವರ ಕ್ಷೇಮವೆಲ್ಲ ಇದೆ.

ಹಗಲಿನಲ್ಲಿ ಕಣ್ಣು ಈ ಲೆಕ್ಕವನ್ನು ಹೇಗೋ ಮಾಡಿಬಿಡುತ್ತದೆ. ದಿಗಂತ ಕಾಣುತ್ತಿರುತ್ತದೆ, ದಿಗಂತಕ್ಕೂ ಇಳಿಯಬೇಕಾದ ಸ್ಥಳಕ್ಕೂ ನಡುವೆ ಕಣ್ಣಿಗೆ ತೋರುವ ಅಂತರವೇ ಇಳಿಯುವ ಕೋನ. ಗದ್ದೆ, ಮರ, ಮನೆಗಳು ತಮ್ಮ ಪರಿಚಿತ ಗಾತ್ರದಿಂದ ಎತ್ತರವನ್ನು ಸಾರುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿದ ಜೇಮ್ಸ್ ಗಿಬ್ಸನ್ ಎಂಬ ಮನಶ್ಶಾಸ್ತ್ರಜ್ಞರು ೧೯೫೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಸೂಕ್ಷ್ಮವನ್ನು ವಿವರಿಸಿದರು. ಇಳಿಯುತ್ತಿರುವವನ ಕಣ್ಣಿಗೆ ನೆಲವೆಲ್ಲ ಒಂದು ಬಿಂದುವಿನಿಂದ ಹೊರಕ್ಕೆ ಹರಿಯುವಂತೆ ಕಾಣುತ್ತದೆ; ಹರಿಯದೆ ನಿಂತಿರುವ ಆ ಒಂದು ಬಿಂದುವೇ ಅವನು ಹೋಗಿ ಮುಟ್ಟುವ ಸ್ಥಳ. ಬಸ್ಸಿನಲ್ಲಿ ಮುಂದಿನ ಗಾಜಿನ ಬಳಿ ಕುಳಿತವರು ಇದನ್ನು ಪರೀಕ್ಷಿಸಿ ನೋಡಬಹುದು. ಆದರೆ ಕತ್ತಲಾದರೆ ದಿಗಂತವೂ ಇಲ್ಲ, ಹರಿಯುವ ನೆಲವೂ ಇಲ್ಲ. ಉಳಿಯುವುದು ಕೆಲವು ದೀಪಗಳು, ಮತ್ತು ಕಣ್ಣಿನ ಆತ್ಮವಿಶ್ವಾಸ.

ಮೊದಮೊದಲು ರಾತ್ರಿ ಹಾರಾಟಕ್ಕೆ ಹುಲ್ಲು ಮೈದಾನದಲ್ಲಿ ಸೀಮೆಎಣ್ಣೆಯ ದೀಪಗಳನ್ನು ಸಾಲಾಗಿ ಇಡುತ್ತಿದ್ದರು. ಉದ್ದ ಮೂತಿಯ ಆ ಎಣ್ಣೆ ಪಾತ್ರೆಗಳಿಗೆ ಇಂಗ್ಲಿಷರು ಬಾತುಕೋಳಿಯ ಕತ್ತಿನ ಹೆಸರಿಟ್ಟಿದ್ದರು. ೧೯೩೦ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಿಲ್ದಾಣದಲ್ಲಿ ರನ್‌ವೇಗೆ ವಿದ್ಯುದ್ದೀಪಗಳು ಬಂದವು. ಇವೆಲ್ಲ "ನೆಲ ಇಲ್ಲಿದೆ" ಎಂದು ಹೇಳಬಲ್ಲವೇ ಹೊರತು "ನೀನು ಎಲ್ಲಿದ್ದೀಯೆ" ಎಂದು ಹೇಳಲಾರವು. ಹೇಳುವ ಉಪಾಯ ಸಮುದ್ರದವರಲ್ಲಿ ಹಿಂದೆಯೇ ಇತ್ತು. ಬಂದರುಗಳಲ್ಲಿ ಒಂದೇ ದೀಪವನ್ನು ಬಣ್ಣದ ಗಾಜುಗಳಿಂದ ಹೋಳು ಮಾಡಿ, ಸುರಕ್ಷಿತ ದಾರಿಯಲ್ಲಿರುವ ಹಡಗಿಗೆ ಒಂದು ಬಣ್ಣ, ಬಂಡೆಗಳ ಕಡೆ ವಾಲಿದ ಹಡಗಿಗೆ ಇನ್ನೊಂದು ಬಣ್ಣ ಕಾಣುವಂತೆ ಮಾಡುತ್ತಿದ್ದರು. ಅದೇ ಹೋಳುಗಳನ್ನು ಅಡ್ಡಡ್ಡಲಾಗಿ ತಿರುಗಿಸಿದರೆ ಎಡಬಲದ ಬದಲು ಮೇಲುಕೆಳಗು ತಿಳಿಯುತ್ತದೆ. ಯುದ್ಧಕಾಲದ ಬ್ರಿಟಿಷ್ ವಾಯುಪಡೆಯ ನೆಲೆಗಳಲ್ಲಿ ಇಂಥ ಮೂರು ಬಣ್ಣದ ದೀಪಗಳು ಬಳಕೆಯಾದವು: ಮೇಲಿದ್ದವನಿಗೆ ಹಳದಿ, ಸರಿಯಿದ್ದವನಿಗೆ ಹಸಿರು, ಕೆಳಗಿದ್ದವನಿಗೆ ಕೆಂಪು.

ನೋಡಲು ಇದಕ್ಕಿಂತ ಸುಲಭವಾದ ಏರ್ಪಾಡು ಬೇಡವೆನಿಸುತ್ತದೆ. ಆದರೆ ಹಸಿರು ಹೋಗಿ ಕೆಂಪು ಬರುವ ಸಂಧಿಯಲ್ಲಿ ಎರಡೂ ಬೆರೆತು ಕ್ಷಣಕಾಲ ಹಳದಿಯಂಥ ಬಣ್ಣ ಕಾಣುವುದುಂಟು. ಹಳದಿಯ ಅರ್ಥವೇನು? "ನೀನು ಮೇಲಿದ್ದೀಯೆ, ಇಳಿ." ಅಂದರೆ ವಿಮಾನ ಅಪಾಯದ ಕಡೆಗೆ ಜಾರುತ್ತಿರುವ ಗಳಿಗೆಯಲ್ಲೇ ದೀಪ ಇನ್ನಷ್ಟು ಜಾರೆಂದು ಹೇಳಬಹುದು. ವ್ಯಾಕರಣದಲ್ಲಿ ಸಂಧಿಕಾರ್ಯ ತಪ್ಪಿದರೆ ಅರ್ಥ ಕೆಡುತ್ತದೆ, ಅಷ್ಟೆ, ಇಲ್ಲಿ ಹಾಗಲ್ಲ.

ಯುದ್ಧ ಮುಗಿದ ಮೇಲೆ ಈ ಸಮಸ್ಯೆಯನ್ನು ಶಾಸ್ತ್ರವಾಗಿ ಹಿಡಿದವರು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ಇ. ಎಸ್. ಕ್ಯಾಲ್ವರ್ಟ್. ರನ್‌ವೇಯ ಮುಂಚಿನ ನೆಲದಲ್ಲಿ ನಡುಗೆರೆಯಾಗಿ ಒಂದು ದೀಪಸಾಲು, ಅದಕ್ಕೆ ಅಡ್ಡಲಾಗಿ ಐದು ಪಟ್ಟಿಗಳು: ಇದು ಅವರು ೧೯೪೦ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ ವಿನ್ಯಾಸ. ಮಂಜಿನಿಂದ ಹೊರಬಂದ ವೈಮಾನಿಕನಿಗೆ ಈ ಅಡ್ಡಪಟ್ಟಿಗಳೇ ದಿಗಂತವಾಗಿ ಒದಗುತ್ತವೆ; ರೆಕ್ಕೆ ವಾಲಿದೆಯೇ, ದಾರಿ ಓರೆಯಾಗಿದೆಯೇ ಎಂಬುದು ತಟ್ಟನೆ ತಿಳಿಯುತ್ತದೆ. ಆದರೆ ಇಳಿಜಾರಿನ ವಿಷಯದಲ್ಲಿ ಅವು ಅಷ್ಟು ಖಚಿತವಾಗಿ ನುಡಿಯಲಾರವು. ಅದಕ್ಕೆ ಬೇರೆಯೇ ದೀಪ ಬೇಕಾಗಿತ್ತು.

ಅದರತ್ತ ಒಂದು ದೊಡ್ಡ ಹೆಜ್ಜೆಯಿಟ್ಟವರು ನೌಕಾದಳದವರು. ವಿಮಾನವಾಹಕ ಹಡಗಿನ ಅಟ್ಟದ ಮೇಲೆ ಇಳಿಯುವುದು ತೇಲುವ ಜಗುಲಿಯ ಮೇಲೆ ಇಳಿದಂತೆ. ಆಗ ಹಡಗಿನ ಅಂಚಿನಲ್ಲಿ ಒಬ್ಬ ಅಧಿಕಾರಿ ಎರಡು ಕೈಗಳಲ್ಲೂ ಬ್ಯಾಟಿನಂಥ ಹಲಗೆಗಳನ್ನು ಹಿಡಿದು, ಮೇಲೆ ಕೆಳಗೆ ಬೀಸುತ್ತ, ಬರುವ ವಿಮಾನಕ್ಕೆ ಸನ್ನೆ ಮಾಡುತ್ತಿದ್ದ. ಪ್ರೊಪೆಲ್ಲರ್ ವಿಮಾನಗಳ ಕಾಲಕ್ಕೆ ಇದು ಸಾಕಾಗಿತ್ತು. ಜೆಟ್ಟುಗಳು ಬಂದ ಮೇಲೆ ಆತ ಕಂಡು, ಯೋಚಿಸಿ, ಕೈಬೀಸಿ, ಪೈಲಟ್ ಅದನ್ನು ನೋಡಿ ತಿದ್ದಿಕೊಳ್ಳುವುದರೊಳಗೆ ಕಾಲ ಮಿಂಚುತ್ತಿತ್ತು. ಬ್ರಿಟಿಷ್ ನೌಕಾದಳದ ನಿಕೋಲಸ್ ಗುಡ್‌ಹಾರ್ಟ್ ಎಂಬ ಅಧಿಕಾರಿ ಸ್ವತಃ ಗ್ಲೈಡರ್ ಹಾರಾಟದಲ್ಲಿ ನಿಪುಣರು; ಎಂಜಿನ್ನಿಲ್ಲದೆ ಇಳಿಯುವವನಿಗೆ ಇಳಿಜಾರಿನ ಬೆಲೆ ಇತರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ೧೯೫೧ರಲ್ಲಿ ಇವರಿಗೆ ಹೊಳೆದ ಉಪಾಯದ ಕಥೆಯನ್ನು ನೌಕಾದಳದವರು ಈಗಲೂ ಸಂತೋಷದಿಂದ ಹೇಳುತ್ತಾರೆ. ಗುಡ್‌ಹಾರ್ಟರು ಮೇಜಿನ ಮೇಲೆ ಒಂದು ಕೈಗನ್ನಡಿ ನಿಲ್ಲಿಸಿ, ಲಿಪ್‌ಸ್ಟಿಕ್ಕಿನಿಂದ ಅದರ ಮೇಲೊಂದು ಅಡ್ಡಗೆರೆ ಎಳೆದು, ಎದುರಿಗೆ ಟಾರ್ಚು ಹೊತ್ತಿಸಿಟ್ಟರಂತೆ. ಟಾರ್ಚಿನ ಪ್ರತಿಬಿಂಬ ಗೆರೆಯ ಮೇಲೆಯೇ ಇರುವಂತೆ ನೋಡಿಕೊಳ್ಳುತ್ತ ಕನ್ನಡಿಯ ಕಡೆಗೆ ನಡೆದು ಬರಬೇಕೆಂದು ಕಚೇರಿಯ ಕಾರ್ಯದರ್ಶಿನಿಗೆ ಹೇಳಿದರಂತೆ. ಆಕೆ ಹೆಜ್ಜೆ ಹೆಜ್ಜೆಗೂ ಬಗ್ಗುತ್ತ ಬಗ್ಗುತ್ತ ಬಂದು, ಕೊನೆಗೆ ಆಕೆಯ ಗದ್ದ ಮೇಜನ್ನು ಮುಟ್ಟಿತು. ವಿಮಾನ ಹಾರಿಸಲು ಗೊತ್ತಿಲ್ಲದವರೊಬ್ಬರು ಹೀಗೆ ಸರಿಯಾದ ಇಳಿಜಾರಿನಲ್ಲಿ "ಇಳಿದು" ತೋರಿಸಿಬಿಟ್ಟರು.

ಮುಂದಿನ ವರ್ಷವೇ ಇಲಸ್ಟ್ರಿಯಸ್ ಎಂಬ ಹಡಗಿನ ಮೇಲೆ ದೊಡ್ಡ ಕನ್ನಡಿಯಿಟ್ಟು ಪರೀಕ್ಷಿಸಿದರು. ಕನ್ನಡಿಯ ಎರಡು ಪಕ್ಕಕ್ಕೂ ಹಸಿರು ದೀಪಗಳ ಸಾಲು. ನಡುವೆ ಪ್ರತಿಬಿಂಬವಾಗಿ ಒಂದು ಬೆಳಕಿನ ಚೆಂಡು. ಚೆಂಡು ಸಾಲಿಗಿಂತ ಮೇಲೆ ಕಂಡರೆ ವಿಮಾನ ಮೇಲಿದೆ, ಕೆಳಗೆ ಕಂಡರೆ ಕೆಳಗಿದೆ. ಹಡಗು ತೊನೆದಾಡಿದರೂ ಕನ್ನಡಿ ತೊನೆಯದಂತೆ ಜೈರೋಸ್ಕೋಪಿನ ಏರ್ಪಾಡಿತ್ತು. ಬ್ಯಾಟು ಬೀಸುವವನ ನಿರ್ಣಯದ ಬದಲು ಪೈಲಟ್ಟಿನ ಕಣ್ಣಿಗೇ ನೇರವಾಗಿ ಸಾಕ್ಷಿ ಒದಗಿಸಿದ್ದು ಇದರ ಹೆಚ್ಚುಗಾರಿಕೆ.

ನೆಲದ ನಿಲ್ದಾಣಗಳಿಗೆ ಕನ್ನಡಿ ಒಗ್ಗಲಿಲ್ಲ. ಅಲ್ಲಿಗೆ ಫಾರ್ನ್‌ಬರೋದ ಸಂಸ್ಥೆ ೧೯೫೦ರ ದಶಕದಲ್ಲಿ ಬೇರೊಂದನ್ನು ಸಿದ್ಧಪಡಿಸಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ವಾಸಿ' ಎನ್ನುತ್ತಾರೆ. ಕನ್ನಡಿಗರ ಕಿವಿಗೆ ಹೆಸರೇ ಭರವಸೆ ಕೊಡುವಂತಿದೆ. ರನ್‌ವೇಯ ಪಕ್ಕದಲ್ಲಿ ಒಂದರ ಹಿಂದೆ ಒಂದರಂತೆ ಎರಡು ದೀಪಪಟ್ಟಿಗಳು. ಪ್ರತಿ ಪೆಟ್ಟಿಗೆಯ ಬೆಳಕು ಮೇಲುಭಾಗದಲ್ಲಿ ಬಿಳಿ, ಕೆಳಭಾಗದಲ್ಲಿ ಕೆಂಪು. ಹತ್ತಿರದ ಪಟ್ಟಿಯ ಕೋನ ಸ್ವಲ್ಪ ತಗ್ಗು, ದೂರದ್ದು ಸ್ವಲ್ಪ ಎತ್ತರ. ನಡುವಿನ ದಾರಿಯಲ್ಲಿ ಬರುವವನಿಗೆ ಹತ್ತಿರದ್ದು ಬಿಳಿಯಾಗಿಯೂ ದೂರದ್ದು ಕೆಂಪಾಗಿಯೂ ಕಾಣುತ್ತವೆ. ಪೆಟ್ಟಿಗೆಯ ರಚನೆ ಬಡವನ ಮನೆಯ ಲಾಂದ್ರದಷ್ಟು ಸರಳ: ಹಿಂದೆ ದೀಪ, ಕೆಂಪು ಗಾಜು, ಮುಂದೆ ಒಂದು ಸೀಳು. ಮಸೂರದ ಗೊಡವೆಯಿಲ್ಲ. ಅಗ್ಗವಾಗಿತ್ತು, ಕೆಡುತ್ತಿರಲಿಲ್ಲ; ೧೯೬೦ರ ದಶಕದ ಆರಂಭದಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು.

ಆದರೆ ಆ ಸರಳತೆಯೇ ಅದರ ದೋಷವೂ ಆಗಿತ್ತು. ಕೆಂಪು ಮುಗಿದು ಬಿಳಿ ಶುರುವಾಗುವಲ್ಲಿ ಖಚಿತವಾದ ಗೆರೆಯಿರದೆ ಅಗಲವಾದ ಗುಲಾಬಿ ಪಟ್ಟಿಯೊಂದು ಇರುತ್ತಿತ್ತು. ಎರಡೂ ಪಟ್ಟಿ ಬಿಳಿಯಾಗಿ ಕಂಡರೆ ಮೇಲಿದ್ದೇನೆಂದು ತಿಳಿಯುತ್ತದೆ. ಎಷ್ಟು ಮೇಲೆ ಎಂಬುದು ತಿಳಿಯದು. ಇದಕ್ಕೆ ಎದುರಾಗಿ ಬೇರೆ ಮತ ಹೂಡಿದವರು ಆಸ್ಟ್ರೇಲಿಯದವರು. ಮೆಲ್ಬೋರ್ನಿನ ಏರೋನಾಟಿಕಲ್ ರಿಸರ್ಚ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆಯ ರೊನಾಲ್ಡ್ ಕಮ್ಮಿಂಗ್ ಮತ್ತು ಆ ದೇಶದ ನಾಗರಿಕ ವಿಮಾನಯಾನ ಇಲಾಖೆಯ ವೈದ್ಯರಾದ ಜಾನ್ ಲೇನ್ ಇದರಲ್ಲಿ ಮುಂದಾಳುಗಳು. ವಿಮಾನಗಳ 'ಕಪ್ಪುಪೆಟ್ಟಿಗೆ'ಯನ್ನು ಕಲ್ಪಿಸಿದ ಡೇವಿಡ್ ವಾರನ್ನರೂ ಇದೇ ಮೆಲ್ಬೋರ್ನ್ ಸಂಸ್ಥೆಯವರೇ. ಕಮ್ಮಿಂಗ್ ಮತ್ತು ಲೇನರ ವಾದ ಇಷ್ಟು: ಬಣ್ಣವನ್ನು ನಂಬಬೇಡಿ, ಆಕಾರವನ್ನು ನಂಬಿ. ಅವರ ವಿನ್ಯಾಸದಲ್ಲಿ ಸರಿಯಾದ ದಾರಿಯಲ್ಲಿರುವವನಿಗೆ ಒಂದು ಅಡ್ಡಪಟ್ಟಿ ಮಾತ್ರ ಕಾಣುತ್ತದೆ. ಕೆಳಗಿಳಿದರೆ ಪಟ್ಟಿಯ ಕೆಳಗೆ ದೀಪಗಳು ಹುಟ್ಟಿಕೊಂಡು ಇಂಗ್ಲಿಷಿನ 'ಟೀ' ಅಕ್ಷರವಾಗುತ್ತದೆ. ಮೇಲೇರಿದರೆ ಅದೇ ಅಕ್ಷರ ತಲೆಕೆಳಗಾಗುತ್ತದೆ. ತಪ್ಪು ಹೆಚ್ಚಿದಷ್ಟೂ ಅಕ್ಷರದ ಕಾಲು ಉದ್ದವಾಗುತ್ತದೆ. ತೀರ ಕೆಳಗಾದರೆ ಮಾತ್ರ ಕೆಂಪು.

ಲಿಪಿಯ ಜೊತೆಗೇ ಬಾಳು ಸವೆಸುವ ನನ್ನಂಥವನಿಗೆ ಆಸ್ಟ್ರೇಲಿಯದ ಪಕ್ಷವೇ ಹೆಚ್ಚು ಹಿಡಿಸುತ್ತದೆ. ತಪ್ಪಿನ ದಿಕ್ಕನ್ನೂ ಪ್ರಮಾಣವನ್ನೂ ಒಂದೇ ಅಕ್ಷರ ಹೇಳುತ್ತದೆ. ಕೆಂಪು ಹಸಿರಿನ ಭೇದ ಸರಿಯಾಗಿ ಕಾಣದವನೂ ಅದನ್ನು ಓದಬಲ್ಲ. ಆದರೆ ಅದಕ್ಕೆ ಹೆಚ್ಚು ಪೆಟ್ಟಿಗೆ ಬೇಕು, ಹೆಚ್ಚು ಜಾಗ ಬೇಕು, ಹೆಚ್ಚು ಹಣ ಬೇಕು. ಜಗತ್ತಿನ ಬಹುಪಾಲು ನಿಲ್ದಾಣಗಳು ಕೆಂಪು ಬಿಳಿಯ ಕಡೆಗೇ ಹೋದವು. ಟೀ ಅಕ್ಷರಕ್ಕೂ ಮುಂದೆ ಅಂತರರಾಷ್ಟ್ರೀಯ ನಿಯಮಗಳಲ್ಲಿ ಸ್ಥಾನ ದೊರೆಯಿತಾದರೂ ಅದು ಮುಖ್ಯವಾಗಿ ತನ್ನ ನಾಡಿನಲ್ಲೇ ಬೆಳಗಿತು.

ಇತ್ತ ಕಣ್ಣಿನ ಮೋಸ ಎಷ್ಟು ಆಳವಾದದ್ದೆಂಬುದು ಅದೇ ದಶಕದಲ್ಲಿ ಬಯಲಾಯಿತು. ೧೯೬೫ರ ಆಗಸ್ಟಿನಿಂದ ೧೯೬೬ರ ಫೆಬ್ರವರಿಯವರೆಗಿನ ಆರು ತಿಂಗಳಲ್ಲಿ ನಾಲ್ಕು ಬೋಯಿಂಗ್ ೭೨೭ ವಿಮಾನಗಳು ಮಿಷಿಗನ್ ಸರೋವರದಲ್ಲಿ, ಸಿನ್ಸಿನಾಟಿಯಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ, ಟೋಕಿಯೋ ಕೊಲ್ಲಿಯಲ್ಲಿ ನಾಶವಾದವು. ನಾಲ್ಕೂ ಇಳಿಯುವ ಹಾದಿಯಲ್ಲಿದ್ದವು. ನಾಲ್ಕೂ ಕತ್ತಲಾದ ಮೇಲೆ. ಕಾರಣಗಳು ಎಲ್ಲದಕ್ಕೂ ಒಂದೇ ಆಗಿರಲಿಲ್ಲ. ಆದರೂ ಬೋಯಿಂಗ್ ಸಂಸ್ಥೆಯ ಕಾನ್ರಡ್ ಕ್ರಾಫ್ಟ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗಕ್ಕೆ ಕೈಹಾಕಿದರು. ಕತ್ತಲ ಕೋಣೆಯಲ್ಲಿ ಒಂದು ಊರಿನ ದೀಪಗಳ ಮಾದರಿ. ಊರು ಏರುನೆಲದ ಮೇಲೆ. ಈಚೆಗೆ ಏನೂ ಕಾಣದ ಕತ್ತಲು. ನುರಿತ ಪೈಲಟ್ಟುಗಳು ಎತ್ತರದ ಮಾಪಕ ನೋಡದೆ, ಬರಿಗಣ್ಣಿನ ಅಂದಾಜಿನಿಂದ ಇಳಿಸಬೇಕು. ಅವರಲ್ಲಿ ಬಹುಮಂದಿ ಅಪಾಯಕರವಾಗಿ ಕೆಳಗಿಳಿದರು, ಮತ್ತು ಇಳಿಯುತ್ತಿರುವಾಗ ತಾವು ಸರಿಯಾದ ಎತ್ತರದಲ್ಲಿದ್ದೇವೆಂದೇ ನಂಬಿದ್ದರು.

ಇದರ ಗುಟ್ಟು ಹೈಸ್ಕೂಲಿನ ರೇಖಾಗಣಿತದಲ್ಲಿದೆ. ಒಂದೇ ವೃತ್ತಖಂಡದೊಳಗಿನ ಕೋನಗಳೆಲ್ಲ ಸಮವೆಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕತ್ತಲಲ್ಲಿ ಬೇರೇನೂ ಕಾಣದ ಪೈಲಟ್, ಊರಿನ ದೀಪಗಳ ಈ ತುದಿಗೂ ಆ ತುದಿಗೂ ನಡುವಿನ ಕೋನ ಬದಲಾಗದಿದ್ದರೆ ತನ್ನ ದಾರಿ ನೆಟ್ಟಗಿದೆಯೆಂದು ಒಳಗೊಳಗೇ ಭಾವಿಸುತ್ತಾನೆ. ಕೋನವೇನೋ ಬದಲಾಗುವುದಿಲ್ಲ, ಆದರೆ ಅವನು ಹಾರುತ್ತಿರುವುದು ಸರಳರೇಖೆಯಲ್ಲಲ್ಲ, ವೃತ್ತದ ಕಂಸದ ಮೇಲೆ. ಆ ಕಂಸ ರನ್‌ವೇಗೆ ಮುಂಚೆಯೇ ನೆಲಕ್ಕೆ ಹತ್ತಿರವಾಗುತ್ತದೆ. ಪೈಲಟ್ಟುಗಳು ಇದನ್ನು 'ಕಪ್ಪು ಕುಳಿ'ಯ ಭ್ರಮೆ ಎನ್ನುತ್ತಾರೆ. ಏರುಮುಖದ ರನ್‌ವೇ, ಎಂದಿಗಿಂತ ಕಿರಿದಾದ ರನ್‌ವೇಗಳೂ ಇಂಥದೇ ಮೋಸ ಮಾಡುತ್ತವೆ: ಎರಡೂ "ನೀನು ಮೇಲಿದ್ದೀಯೆ" ಎಂಬ ಸುಳ್ಳನ್ನೇ ಹೇಳುತ್ತವೆ.

೧೯೭೪ರ ಜನವರಿ ೩೦ರ ರಾತ್ರಿ ಶಾಂತಸಾಗರದ ಪಾಗೋ ಪಾಗೋ ದ್ವೀಪನಿಲ್ದಾಣದಲ್ಲಿ ಇಳಿಯುತ್ತಿದ್ದ ಬೋಯಿಂಗ್ ೭೦೭ ರನ್‌ವೇಗಿಂತ ಮುಂಚೆಯೇ ಕಾಡಿಗೆ ಬಿತ್ತು. ಒಳಗಿದ್ದ ೧೦೧ ಮಂದಿಯಲ್ಲಿ ೯೭ ಮಂದಿ ತೀರಿಕೊಂಡರು. ಮಳೆ, ಗಾಳಿಯ ಹಠಾತ್ ಬದಲಾವಣೆ, ಕೆಳಗೆ ದೀಪವೊಂದೂ ಇಲ್ಲದ ಕತ್ತಲು. ವಾಸಿ ದೀಪಗಳು ಅಂದು ಉರಿಯುತ್ತಿದ್ದವು.

ಅದೇ ೧೯೭೪ರಲ್ಲಿ, ಈ ದುರಂತಕ್ಕೆ ಸಂಬಂಧವಿಲ್ಲದೆಯೇ, ಫಾರ್ನ್‌ಬರೋ ಸಂಸ್ಥೆಯ ಬೆಡ್‌ಫರ್ಡ್ ಶಾಖೆಯಲ್ಲಿ ಟೋನಿ ಸ್ಮಿತ್ ಮತ್ತು ಡೇವಿಡ್ ಜಾನ್ಸನ್ ಎಂಬಿಬ್ಬರು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಹೊಸದಾಗಿ ಯೋಚಿಸಿದರು. ಸೀಳಿನ ಬದಲು ಮಸೂರವಿಟ್ಟರು. ಆಗ ಕೆಂಪು ಬಿಳಿಗಳ ನಡುವಿನ ಗುಲಾಬಿ ಪಟ್ಟಿ ಮೂರು ಕಲೆಗಳಷ್ಟಕ್ಕೆ, ಅಂದರೆ ಅಂಶದ ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಗ್ಗಿತು. ಬೆಳಕಿನಲ್ಲಿ ಚಾಕುವಿನಿಂದ ಕೊಯ್ದಂಥ ಗೆರೆ ಮೂಡಿತು. ಗೆರೆ ಹರಿತವಾದ ಮೇಲೆ ಪೆಟ್ಟಿಗೆಗಳನ್ನು ಹಿಂದೆ ಮುಂದೆ ಇಡಬೇಕಾಗಿಲ್ಲ. ನಾಲ್ಕನ್ನು ಒಂದೇ ಅಡ್ಡಸಾಲಿನಲ್ಲಿಟ್ಟು, ಒಂದೊಂದನ್ನೂ ಇಪ್ಪತ್ತು ಕಲೆಗಳ ಅಂತರದಲ್ಲಿ ವಾಲಿಸಿದರೆ ಸಾಕು. ರನ್‌ವೇಯಿಂದ ದೂರದ್ದಕ್ಕೆ ೨ ಅಂಶ ೩೦ ಕಲೆ, ಮುಂದಿನವಕ್ಕೆ ೨ ಅಂಶ ೫೦ ಕಲೆ, ೩ ಅಂಶ ೧೦ ಕಲೆ, ರನ್‌ವೇಗೆ ಹತ್ತಿರದ್ದಕ್ಕೆ ೩ ಅಂಶ ೩೦ ಕಲೆ. ಮೂರು ಅಂಶದಲ್ಲಿ ಬರುವವನು ಮೊದಲೆರಡಕ್ಕಿಂತ ಮೇಲೆ, ಕೊನೆಯೆರಡಕ್ಕಿಂತ ಕೆಳಗೆ: ಎರಡು ಬಿಳಿ, ಎರಡು ಕೆಂಪು. ಆಸ್ಟ್ರೇಲಿಯದವರು ಕೇಳಿದ್ದ "ಎಷ್ಟು" ಎಂಬ ಪ್ರಶ್ನೆಗೂ ಇಲ್ಲಿ ಉತ್ತರ ಸಿಕ್ಕಿತು. ಇದರ ಹೆಸರಿನ ಮೊದಲಕ್ಷರಗಳನ್ನು ಕನ್ನಡದಲ್ಲಿ ಕೂಡಿಸಿ ಬರೆದರೆ, ದುರದೃಷ್ಟವಶಾತ್, 'ಪಾಪಿ' ಎಂದಾಗುತ್ತದೆ. ಪೈಲಟ್ಟುಗಳು 'ಪ್ಯಾಪಿ' ಎನ್ನುವುದರಿಂದ ನಾವೂ ಹಾಗೆಯೇ ಎನ್ನೋಣ. ೧೯೮೦ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದು ಇದು ವಾಸಿಯ ಸ್ಥಾನವನ್ನು ಕ್ರಮೇಣ ತುಂಬಿತು. ೨೦೧೧ರವರೆಗೆ ಹಾರಿದ ಅಮೆರಿಕದ ಬಾಹ್ಯಾಕಾಶ ನೌಕೆ ಷಟಲ್ ಕೂಡ ಭೂಮಿಗೆ ಮರಳುವಾಗ ಇದೇ ದೀಪಗಳನ್ನು ನೋಡಿಕೊಂಡು ಧುಮುಕುತ್ತಿತ್ತು. ಅದರ ಇಳಿಜಾರು ಮಾತ್ರ ಮೂರಲ್ಲ, ಇಪ್ಪತ್ತು ಅಂಶಗಳ ಹತ್ತಿರ. ನೆಲಕ್ಕೆ ಸಮೀಪಿಸಿ ದಾರಿ ಚಪ್ಪಟೆಯಾದ ಮೇಲೆ ಅದಕ್ಕೆ ಗುಡ್‌ಹಾರ್ಟರ ಕನ್ನಡಿಯನ್ನು ಹೋಲುವ ಚೆಂಡು ಮತ್ತು ಸಾಲಿನ ದೀಪಗಳಿದ್ದವು.

ಹಾಗೆಂದು ಬಣ್ಣದ ತಕರಾರು ತೀರಲಿಲ್ಲ. ೨೦೦೨ರ ಜುಲೈ ೨೬ರಂದು, ಬೆಳಗಾಗುವ ಮುನ್ನ, ಅಮೆರಿಕದ ಟ್ಯಾಲಹಾಸಿಯಲ್ಲಿ ಒಂದು ಸರಕು ವಿಮಾನ ದೀಪಗಳಿಲ್ಲದ ಅರಣ್ಯದ ಮೇಲಿಂದ ಇಳಿದು ಬರುತ್ತ ಮರಗಳಿಗೆ ಬಡಿಯಿತು. ಪ್ಯಾಪಿ ದೀಪಗಳು ಎದುರಿಗೇ ಇದ್ದವು. ವಿಮಾನ ಹಾರಿಸುತ್ತಿದ್ದ ಸಹಪೈಲಟ್ಟಿಗೆ ವರ್ಣದೃಷ್ಟಿಯ ಕೊರತೆಯಿದ್ದುದು ಅಪಘಾತಕ್ಕೆ ಕಾರಣಗಳಲ್ಲಿ ಒಂದೆಂದು ತನಿಖೆ ಹೇಳಿತು. ಮೂವರು ಸಿಬ್ಬಂದಿಯೂ ಬದುಕಿದರು. ಕಮ್ಮಿಂಗ್ ಮತ್ತು ಲೇನ್ ನಾಲ್ಕು ದಶಕಗಳ ಹಿಂದೆ ಹೂಡಿದ್ದ ವಾದ ಇಲ್ಲಿ ನೆನಪಾಗುತ್ತದೆ.

ನಮ್ಮ ನಾಡು ಈ ಇಳಿಜಾರಿನ ಎರಡೂ ಅಂಚುಗಳನ್ನು ಕಂಡಿದೆ. ೧೯೯೦ರ ಫೆಬ್ರವರಿ ೧೪ರಂದು ಮುಂಬಯಿಯಿಂದ ಬಂದ ಹೊಸ ಏರ್‌ಬಸ್ ೩೨೦ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣಕ್ಕೆ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ನಡುಹಗಲು, ತಿಳಿಯಾದ ಆಕಾಶ. ಎಂಜಿನ್ನುಗಳು ತೀರ ತಗ್ಗಿದ ಶಕ್ತಿಯಲ್ಲಿದ್ದುದು ತಡವಾಗಿ ಗಮನಕ್ಕೆ ಬಂತು. ೧೪೬ ಮಂದಿಯಲ್ಲಿ ೯೨ ಮಂದಿ ಸತ್ತರು. ೨೦೧೦ರ ಮೇ ೨೨ರ ಬೆಳಗ್ಗೆ ದುಬಾಯಿಯಿಂದ ಬಂದ ಬೋಯಿಂಗ್ ೭೩೭ ಮಂಗಳೂರಿನ ಬಜಪೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದಿತು. ಸಹಪೈಲಟ್ ಮತ್ತೆ ಮೇಲೇರೋಣವೆಂದು ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ, ಯಂತ್ರಗಳೂ ಎಚ್ಚರಿಸಿದವು, ಕ್ಯಾಪ್ಟನ್ ಇಳಿಸಿಯೇ ಬಿಟ್ಟ. ೮,೦೩೩ ಅಡಿಯ ರನ್‌ವೇಯಲ್ಲಿ ಸುಮಾರು ೫,೨೦೦ ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಗುಡ್ಡದ ನೆತ್ತಿ ತಟ್ಟುಮಾಡಿ ಕಟ್ಟಿದ ಆ ರನ್‌ವೇ ಮುಗಿದಲ್ಲಿ ಕಣಿವೆ. ೧೬೬ ಮಂದಿಯಲ್ಲಿ ಉಳಿದವರು ಎಂಟು ಜನ. ಇಪ್ಪತ್ತು ವರ್ಷಗಳ ಅಂತರದಲ್ಲಿ ನಡೆದ ಈ ಎರಡೂ ದುರಂತಗಳು ಹಗಲಿನವು ಎಂಬುದನ್ನು ಗಮನಿಸಬೇಕು.

ಈ ಪೆಟ್ಟಿಗೆಗಳ ಪಾಲನೆಯ ಬಗ್ಗೆ ಒಂದು ಮಾತು ಉಳಿದಿದೆ. ದೀಪ ಸುಳ್ಳು ಹೇಳಿದರೆ ದೀಪವಿಲ್ಲದುದಕ್ಕಿಂತ ಕೇಡು. ಆದ್ದರಿಂದ ಇವನ್ನು ಗಟ್ಟಿಯಾದ ತಳಪಾಯದ ಮೇಲೆ ಕೂರಿಸಿ, ಕೋನಗಳನ್ನು ಆಗಾಗ ಅಳೆಯುತ್ತಾರೆ. ನಮ್ಮ ದೇಶದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷಕ ವಿಮಾನಗಳು ನಿಲ್ದಾಣದಿಂದ ನಿಲ್ದಾಣಕ್ಕೆ ಹಾರಿ, ನೆಲದ ಲೆಕ್ಕ ಆಕಾಶದಲ್ಲಿಯೂ ಸರಿಯಿದೆಯೇ ಎಂದು ನೋಡುತ್ತವೆ. ತಣ್ಣನೆಯ ರಾತ್ರಿಗಳಲ್ಲಿ ಮಸೂರದ ಮೇಲೆ ಇಬ್ಬನಿ ಕೂತರೆ ಕೆಂಪೂ ಬಿಳಿಯೂ ಕಲಸಿಹೋಗುವುದರಿಂದ ಅದನ್ನು ಬೆಚ್ಚಗಿಡುವ ಏರ್ಪಾಡು ಮಾಡುತ್ತಾರೆ. ಅಮೆರಿಕದ ನಿಲ್ದಾಣಗಳಲ್ಲಿ ಪೆಟ್ಟಿಗೆಯೊಳಗೆ ವಾಲುವಿಕೆಯನ್ನು ಗುರುತಿಸುವ ಒಂದು ಸ್ವಿಚ್ಚನ್ನೂ ಇಟ್ಟಿರುತ್ತಾರೆ. ಹುಲ್ಲು ಕೊಯ್ಯುವ ಯಂತ್ರ ತಗುಲಿಯೋ, ನೆಲ ಕುಸಿದೋ ನಾಲ್ಕರಲ್ಲಿ ಒಂದು ಪೆಟ್ಟಿಗೆ ಅಂಶದ ಸಣ್ಣ ಪಾಲಿನಷ್ಟು ಓರೆಯಾದರೂ ಆ ಸ್ವಿಚ್ಚು ನಾಲ್ಕು ದೀಪಗಳನ್ನೂ ಒಟ್ಟಿಗೆ ಆರಿಸಿಬಿಡುತ್ತದೆ.